ಬೆಳೆ ಗೆದ್ದರೂ ರೇಟು ಸೋಲುವುದು ಚಂದ್ರಿಕೆಯಲ್ಲಿ

ಗೂಡಿಗೆ ರೇಟು ಬರಲಿಲ್ಲ ಅಂದ ಕೂಡಲೇ ನಮ್ಮ ರೇಷ್ಮೆ ಬೆಳೆಗಾರರು ಮೊದಲು ಬೈಯುವುದು ಮೊಟ್ಟೆಯನ್ನು. ಆಮೇಲೆ ಚಾಕಿ, ಅಂದರೆ ಎಳೆ ಹುಳು, ಕೊಟ್ಟವರನ್ನು, ಕೊನೆಗೆ ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳನ್ನು. ಅಲ್ಲೆಲ್ಲ ತಪ್ಪೇ ಇರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಾಲ್ಕು ಜ್ವರ (ಹುಳು ಪೊರೆ ಬಿಡುವ ಹೊತ್ತು) ದಾಟಿಸಿ, ಹಾಲುತೊಂಡೆ, ಸಪ್ಪೆರೋಗದಂಥ ರೋಗ, ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ಎಲ್ಲದರಿಂದ ಕಾಪಾಡಿ, ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಿ ಹಣ್ಣು ಮಾಡಿದ, ಅಂದರೆ ಗೂಡು ಕಟ್ಟಲು ಸಿದ್ಧ ಮಾಡಿದ, ಹುಳುವಿನ ಬೆಲೆಯನ್ನು ಕೊನೆಯ ಐದಾರು ದಿನದಲ್ಲಿ ಚಂದ್ರಿಕೆಯ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಮೇಲೆ ನಾವೇ ಕಳೆಯುತ್ತಿದ್ದೇವೆ. ಹುಳು ಚಂದ್ರಿಕೆಗೆ ಹೋಯಿತು ಅಂದರೆ ಕೆಲಸ ಮುಗಿಯಿತು ಅನ್ನುವ ಭಾವನೆ ಬಂದುಬಿಟ್ಟಿದೆ. ನನ್ನ ಪ್ರಕಾರ ಇಡೀ ಬೆಳೆಯಲ್ಲಿ ಇದಕ್ಕಿಂತ ದುಬಾರಿ ತಪ್ಪು ಇನ್ನೊಂದಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಹುಳು ನೂಲು ಬಿಡುವುದನ್ನು ಹತ್ತಿರ ಕೂತು ನೋಡಬೇಕು. ಮೊದಲು ಅಲ್ಲೊಂದು ಇಲ್ಲೊಂದು ಎಳೆ ಕಟ್ಟಿ ತನಗೊಂದು ಆಸರೆ ಮಾಡಿಕೊಳ್ಳುತ್ತದೆ. ಆಮೇಲೆ ತಲೆಯನ್ನು ಆ ಕಡೆ ಈ ಕಡೆ ತೂಗುತ್ತಾ 8ರ ಅಂಕಿಯ ಹಾಗೆ ನೂಲನ್ನು ಪದರ ಪದರವಾಗಿ ಹಾಸುತ್ತದೆ. ಎರಡು ಮೂರು ದಿನ ಇದೇ ಕೆಲಸ. ಹಳದಿ ಗೂಡಿನ ಮಿಶ್ರತಳಿಯಲ್ಲಿ ಏಳೆಂಟು ನೂರು ಮೀಟರ್, ಬಿಳಿ ಗೂಡಿನ ದ್ವಿತಳಿಯಲ್ಲಿ ಸಾವಿರ ಮೀಟರ್ ಆಸುಪಾಸು ಒಂದೇ ಎಳೆ. ಆ ಎಳೆಯ ಸುತ್ತ ಸೆರಿಸಿನ್ ಅನ್ನುವ ಅಂಟು ಇರುತ್ತದೆ, ನೂಲಿನ ತೂಕದಲ್ಲಿ ಕಾಲು ಭಾಗದಷ್ಟು. ಬಾಯಿಂದ ಹೊರಬಂದಾಗ ಈ ಅಂಟು ಹಸಿ. ಒಂದು ಪದರ ಆರಿದ ಮೇಲೆ ಇನ್ನೊಂದು ಪದರ ಬಿದ್ದರೆ ಎರಡೂ ಹಗುರವಾಗಿ ಅಂಟಿಕೊಳ್ಳುತ್ತವೆ, ರೀಲರ್ ಬಿಸಿನೀರಿನಲ್ಲಿ ಬೇಯಿಸಿದಾಗ ಸಲೀಸಾಗಿ ಬಿಚ್ಚಿಕೊಳ್ಳುತ್ತವೆ. ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ ಪದರ ಆರುವುದಿಲ್ಲ, ಹಸಿಯ ಮೇಲೆ ಹಸಿ ಬಿದ್ದು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅಂಥ ಗೂಡನ್ನು ಎಷ್ಟು ಬೇಯಿಸಿದರೂ ಎಳೆ ತುಂಡಾಗುತ್ತಲೇ ಇರುತ್ತದೆ. ಬೇಸರದ ವಿಷಯ ಏನೆಂದರೆ ಹೊರಗಿನಿಂದ ನೋಡಿದರೆ ಎರಡೂ ಗೂಡು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅದಕ್ಕೇ ಬೆಳೆಗಾರರು ಇದನ್ನು ನಂಬುವುದಿಲ್ಲ.

ಈ ತೇವ ಎಲ್ಲಿಂದ ಬರುತ್ತದೆ? ಮಳೆಯಿಂದ ಮಾತ್ರ ಅಲ್ಲ, ಹುಳುವಿನಿಂದಲೇ. ಒಂದು ಲೆಕ್ಕ ಹಾಕಿ. ಹಣ್ಣು ಹುಳು ಸುಮಾರು ಮೂರು, ಮೂರೂವರೆ ಗ್ರಾಂ ತೂಗುತ್ತದೆ. ಒಳಗಿನ ಪ್ಯೂಪ (ಕೋಶಾವಸ್ಥೆಯ ಹುಳು) ಸೇರಿಸಿ ಗೂಡಿನ ತೂಕ 1.7, 1.8 ಗ್ರಾಂ. ನಡುವೆ ಕಳೆದುಹೋದ ಒಂದೂವರೆ ಗ್ರಾಂನಲ್ಲಿ ಬಹುಪಾಲು ನೀರು, ಅಂದರೆ ಗೂಡು ಕಟ್ಟುವ ಮುಂಚೆ ಹುಳು ಹೊಯ್ಯುವ ಉಚ್ಚೆ ಮತ್ತು ಮೈಯಿಂದ ಆರುವ ತೇವ. 100 ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೇ ನಾವು ಒಂದು ಮೊಟ್ಟೆ ಅನ್ನುವುದು) ಬೆಳೆಯಲ್ಲಿ 40 ಸಾವಿರ ಹುಳು ಹಣ್ಣಾದರೆ ಸುಮಾರು 60 ಕೆಜಿ ನೀರು ಅದೇ ಜಾಗದ ಗಾಳಿಗೆ ಸೇರುತ್ತದೆ. ನಾಲ್ಕೈದು ಬಿಂದಿಗೆ ನೀರನ್ನು ಮುಚ್ಚಿದ ಕೋಣೆಯಲ್ಲಿ ಚೆಲ್ಲಿದ ಹಾಗೆ. ಮಳೆ ಬಂತು, ಚಳಿ ಬಂತು ಅಂತ ಕಿಟಕಿ ಮುಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುವವರು ಇದನ್ನೊಂದು ಸಲ ಯೋಚಿಸಬೇಕು. ಚಂದ್ರಿಕೆ ಇರುವ ಕಡೆ 24-25 ಡಿಗ್ರಿ ಶಾಖ, ಶೇಕಡಾ 60-65 ತೇವಾಂಶ ಇರಬೇಕು, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು. ಮಳೆಗಾಲದಲ್ಲಿ ಶಾಖಕ್ಕೆ ಹೊಗೆಯಿಲ್ಲದ ಕೆಂಡ ಅಥವಾ ಹೀಟರ್ ಇಟ್ಟರೂ ಕಿಟಕಿ ತೆರೆದಿರಲೇಬೇಕು. ಶಾಖ ಮಾತ್ರ ಕೊಟ್ಟು ಗಾಳಿ ಕೊಡದಿದ್ದರೆ ತೇವ ಅಲ್ಲೇ ಉಳಿಯುತ್ತದೆ.

ಇನ್ನು ಹುಳು ಆರಿಸುವ ವಿಷಯ. ಹಣ್ಣಾದ ಹುಳು ಸೊಪ್ಪು ಬಿಡುತ್ತದೆ, ಮೈ ಕುಗ್ಗಿ ಅರೆಪಾರದರ್ಶಕವಾಗುತ್ತದೆ, ಹಿಕ್ಕೆ ಮೆತ್ತಗಾಗುತ್ತದೆ, ತಲೆ ಎತ್ತಿ ಸೊಪ್ಪಿನ ಹಾಸಿಗೆಯ ಅಂಚಿಗೆ ಬರುತ್ತದೆ. ಕೂಲಿಯವರು ಸಿಕ್ಕಿದ್ದು ಒಂದೇ ದಿನ ಅಂತ ಅರೆಬರೆ ಹಣ್ಣಾದದ್ದನ್ನೂ ಬಾಚಿ ಹಾಕಿದರೆ ಅವು ಚಂದ್ರಿಕೆ ತುಂಬ ಅಲೆದಾಡುತ್ತವೆ, ಹೆಚ್ಚು ಉಚ್ಚೆ ಹೊಯ್ದು ಪಕ್ಕದ ಗೂಡನ್ನೂ ಕೆಡಿಸುತ್ತವೆ, ತೆಳು ಗೂಡು ಕಟ್ಟುತ್ತವೆ. ತಡ ಮಾಡಿದರೆ ಹಾಸಿಗೆಯಲ್ಲೇ ನೂಲು ಬಿಟ್ಟು ವ್ಯರ್ಥ ಮಾಡುತ್ತವೆ. ಹುಳು ಒಟ್ಟಿಗೆ ಹಣ್ಣಾಗಲಿ ಅಂತಲೇ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ‘ಸಂಪೂರ್ಣ’ ಅನ್ನುವ ದ್ರಾವಣ ಕೊಟ್ಟಿದ್ದಾರೆ. ನೂರಕ್ಕೆ ಐದಾರು ಹುಳು ಹಣ್ಣಾಗಿದ್ದು ಕಂಡಾಗ ಸೊಪ್ಪಿನ ಮೇಲೆ ಸಿಂಪಡಿಸಬೇಕು. ಅದಕ್ಕಿಂತ ಮುಂಚೆ ಕೊಟ್ಟರೆ ಇನ್ನೂ ತಿನ್ನಬೇಕಾದ ಹುಳು ಅವಸರದಲ್ಲಿ ಗೂಡು ಕಟ್ಟಿ ತೂಕ ಕಡಿಮೆಯಾಗುತ್ತದೆ.

ಆರು ಅಡಿಗೆ ನಾಲ್ಕು ಅಡಿಯ ಬಿದಿರು ಚಂದ್ರಿಕೆಗೆ 900ರಿಂದ 1,000 ಹುಳು ಸಾಕು, ಚದರಡಿಗೆ 40ರ ಲೆಕ್ಕ. 100 ಮೊಟ್ಟೆಗೆ 40 ಚಂದ್ರಿಕೆಯಾದರೂ ಬೇಕು. ಮೂವತ್ತರಲ್ಲೇ ಮುಗಿಸಿದರೆ ಹೆಚ್ಚಾದ ಹುಳು ಜೋಡಿ ಗೂಡು ಕಟ್ಟುತ್ತವೆ, ಅದರ ಎಳೆ ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ ಸಾಮಾನ್ಯ ರೀಲಿಂಗಿಗೆ ಬರುವುದಿಲ್ಲ. ಚಂದ್ರಿಕೆಯನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ, ಉಚ್ಚೆ ಕೆಳಗೆ ಇಳಿಯಲಿ, ಕೆಳಗೆ ಹಳೇ ಪೇಪರ್ ಹಾಸಿ ತೇವವಾದಾಗ ತೆಗೆಯಿರಿ. ನೆರಳು ಬೇಕು, ಎಳೆಬಿಸಿಲೂ ಬೇಡ. ಎರಡನೇ ದಿನ ಒಂದು ಸುತ್ತು ಹಾಕಿ ಸತ್ತ ಹುಳು ತೆಗೆಯಲೇಬೇಕು. ಹಾಲುತೊಂಡೆಯಲ್ಲಿ ಸತ್ತ ಒಂದು ಹುಳು ಒಡೆದರೆ ಸುತ್ತಲಿನ ನಾಲ್ಕೈದು ಒಳ್ಳೇ ಗೂಡಿಗೆ ಕಲೆ.

ಬಾಡಿಗೆ ಚಂದ್ರಿಕೆಯ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಸೊಪ್ಪಿಗೆ, ಗೊಬ್ಬರಕ್ಕೆ, ಹುಳು ಮನೆಗೆ ಲಕ್ಷಗಟ್ಟಲೆ ಹಾಕುವವರು ಚಂದ್ರಿಕೆಯನ್ನು ಬೇರೆಯವರ ಮನೆಯಿಂದ ತರುತ್ತಾರೆ. ಅಲ್ಲಿ ಯಾವ ರೋಗ ಬಂದಿತ್ತೋ ಅದರ ಸಮೇತ ಗಾಡಿಯಲ್ಲಿ ನಮ್ಮ ಅಂಗಳಕ್ಕೆ ಬರುತ್ತದೆ, ಈ ಬೆಳೆಗೆ ಏನೂ ಆಗದಿದ್ದರೂ ಮುಂದಿನ ಬೆಳೆಗೆ ಕಾದಿರುತ್ತದೆ. ತರಲೇಬೇಕಾದರೆ ಬಿದಿರಿಗೆ ಅಂಟಿದ ಹಳೇ ನೂಲನ್ನು ಬ್ಲೋ ಲ್ಯಾಂಪಿನಿಂದ ಸುಟ್ಟು, ಶೇಕಡಾ 2ರ ಬ್ಲೀಚಿಂಗ್ ಪುಡಿ ದ್ರಾವಣದಲ್ಲಿ ಪೂರ್ತಿ ನೆನೆಸಿ, ಚೆನ್ನಾಗಿ ಒಣಗಿಸಿದ ಮೇಲೆ ಹುಳು ಬಿಡಿ. ಬ್ಲೀಚಿಂಗ್ ಪುಡಿಯ ಚೀಲ ತೆರೆದು ತಿಂಗಳಾಗಿದ್ದರೆ ಅದರಲ್ಲಿ ಕ್ಲೋರಿನ್ ಕಡಿಮೆಯಾಗಿರುತ್ತದೆ, ವಾಸನೆ ನೋಡಿದರೇ ತಿಳಿಯುತ್ತದೆ. ಬಾಡಿಗೆಯ ಇನ್ನೊಂದು ತೊಂದರೆ ಅವಸರ. ವಾಪಸ್ ಕೊಡಬೇಕು ಅಂತ ನಾಲ್ಕನೇ ದಿನಕ್ಕೇ ಗೂಡು ಬಿಡಿಸುತ್ತಾರೆ.

ನಾಲ್ಕನೇ ದಿನ ಒಳಗಿನ ಪ್ಯೂಪ ಇನ್ನೂ ಎಳಸು, ಚರ್ಮ ಹಾಲು ಹಳದಿ. ಕೈ ಒತ್ತಿದರೆ, ಚೀಲದಲ್ಲಿ ಅದುಮಿದರೆ ಒಡೆದು ಒಳಗಿನ ರಸ ಗೂಡಿಗೆ ಹತ್ತುತ್ತದೆ. ಮಿಶ್ರತಳಿಗೆ ಐದು ದಿನ ಪೂರ್ತಿ ಆಗಿ ಆರನೇ ದಿನ, ದ್ವಿತಳಿಗೆ ಏಳನೇ ದಿನ, ಚಳಿಗಾಲದಲ್ಲಿ ಇನ್ನೊಂದು ದಿನ ಸೇರಿಸಿ. ಅನುಮಾನವಿದ್ದರೆ ಬೇರೆ ಬೇರೆ ಚಂದ್ರಿಕೆಯಿಂದ ಹತ್ತು ಗೂಡು ಕತ್ತರಿಸಿ ನೋಡಿ. ಪ್ಯೂಪ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಬಿಡಿಸಬಹುದು. ಹಾಗಂತ ತೀರಾ ತಡ ಮಾಡಿದರೆ ಊಜಿ ಹುಳು ಗೂಡು ತೂತು ಮಾಡಿ ಹೊರಬರುತ್ತದೆ.

ರೀಲರ್‌ಗಳ ಲೆಕ್ಕವನ್ನೂ ನಾವು ಅರ್ಥ ಮಾಡಿಕೊಳ್ಳಬೇಕು. 7 ಕೆಜಿ ಗೂಡಿಗೆ 1 ಕೆಜಿ ನೂಲು ಬಂದರೆ 100 ಕೆಜಿ ಲಾಟಿನಲ್ಲಿ (ಒಟ್ಟಿಗೆ ಹರಾಜಾಗುವ ಗೂಡಿನ ರಾಶಿ) 14 ಕೆಜಿಗಿಂತ ತುಸು ಹೆಚ್ಚು ರೇಷ್ಮೆ. ಬಿಚ್ಚದ ಗೂಡಾಗಿ 9 ಕೆಜಿ ಬೇಕಾದರೆ 11 ಕೆಜಿಗಿಂತ ತುಸು ಹೆಚ್ಚು. ಮೂರು ಕೆಜಿ ರೇಷ್ಮೆಯ ನಷ್ಟ ಒಂದೇ ಲಾಟಿನಲ್ಲಿ. ಅದು ಗೊತ್ತಾಗುವುದು ಬೇಯಿಸಿದ ಮೇಲೆ, ಆದ್ದರಿಂದ ಮಾರುಕಟ್ಟೆಯಲ್ಲಿ ಒಂದು ಹಿಡಿ ಗೂಡು ಒತ್ತಿ ನೋಡುವಾಗಲೇ ಅವರು ಆ ಅಪಾಯವನ್ನು ರೇಟಿನಲ್ಲಿ ಇಳಿಸಿಬಿಡುತ್ತಾರೆ. ಚೆನ್ನಾಗಿ ಬೆಳೆದವರೂ ಆ ಇಳಿದ ರೇಟಿಗೇ ಮಾರಬೇಕಾಗುತ್ತದೆ. ನಾನು ಕೇಳುವುದು ಇಷ್ಟೇ: ರಾಮನಗರವಿರಲಿ, ಶಿಡ್ಲಘಟ್ಟವಿರಲಿ, ಗೂಡಿನ ಮಾರುಕಟ್ಟೆಯವರು ಹರಾಜಿಗೆ ಮುಂಚೆ ಲಾಟಿನಿಂದ ಒಂದಿಷ್ಟು ಗೂಡು ತೆಗೆದು ಬೇಯಿಸಿ, ಬಿಚ್ಚಿ, ಎಷ್ಟು ನೂಲು ಬಂತು ಅನ್ನುವುದನ್ನು ಲಾಟಿನ ಚೀಟಿಯಲ್ಲೇ ಬರೆಯಲಿ. ಆ ಸಂಖ್ಯೆ ಕಣ್ಣ ಮುಂದೆ ಇದ್ದರೆ ಬೆಳೆಗಾರರು ಆರನೇ ದಿನದವರೆಗೆ ಕಾಯುತ್ತಾರೆ, ಹುಳು ಮನೆಯ ಪಕ್ಕ ಗಾಳಿಯಾಡುವ ಒಂದು ಚಪ್ಪರವನ್ನೂ ಕಟ್ಟುತ್ತಾರೆ.