ಮಾರಿಗುಡಿ ಎದುರು ಎಪ್ಪತ್ತು ಪರ್ಸೆಂಟು

ಅಕ್ಕನ ಮಗ ಬ್ರಸೆಲ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. "ಮಾವ, ಅತ್ತೆನ್ನ ಕರ್ಕಂಡು ಒಂದ್ಸಲ ಬನ್ನಿ" ಅಂತ ಕರೆಯುತ್ತಲೇ ಇದ್ದ. ಟಿಕೆಟ್ಟನ್ನೂ ಅವನೇ ತೆಗೆಸಿದ ಮೇಲೆ ನಾವು ಜಾಸ್ತಿ ಹೇಳಿಸಿಕೊಳ್ಳಲಿಲ್ಲ. ಹೋದ ಎರಡನೇ ದಿನ ನಮ್ಮಿಬ್ಬರನ್ನೂ ಒಂದು ಚಾಕಲೇಟ್ ವಾಕಿಗೆ ಸೇರಿಸಿ ತಾನು ಆಫೀಸಿಗೆ ಹೋದ.

ಚಾಕಲೇಟ್ ವಾಕ್ ಅಂದರೆ ಇಷ್ಟೇ. ಮುಂದೆ ಒಬ್ಬಳು ಗೈಡ್, ಹಿಂದೆ ಹನ್ನೆರಡು ಜನ. ಒಂದು ಕಟ್ಟಡ ನೋಡುವುದು, ಒಂದು ಚಾಕಲೇಟ್ ತಿನ್ನುವುದು. ಗ್ರಾಂಡ್ ಪ್ಲಾಸ್ ಅಂತ ಊರ ನಡುವೆ ದೊಡ್ಡ ಚೌಕ, 1998ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅದನ್ನು ನೋಡಿ ಕತ್ತು ನೋಯುವಷ್ಟರಲ್ಲಿ ಕೈಗೊಂದು ಚಾಕಲೇಟ್ ಬಂತು. ಅಲ್ಲಿಂದ ಗಾಜಿನ ಚಾವಣಿಯ ಉದ್ದನೆಯ ಬಜಾರು, 1847ರದ್ದು. ಅದರೊಳಗೆ ನೊಯ್‌ಹೌಸ್ ಅನ್ನುವವರ ಅಂಗಡಿ. 1857ರಲ್ಲಿ ಶುರುವಾದಾಗ ಅದು ಔಷಧಿ ಅಂಗಡಿಯಂತೆ. ಕಹಿ ಮದ್ದು ಗಂಟಲಲ್ಲಿ ಇಳಿಯಲಿ ಅಂತ ಅದಕ್ಕೆ ಚಾಕಲೇಟ್ ಸವರಿ ಕೊಡುತ್ತಿದ್ದರಂತೆ. ಮುಂದೆ ಮೊಮ್ಮಗ 1912ರಲ್ಲಿ ಮದ್ದಿನ ಜಾಗದಲ್ಲಿ ಹೂರಣ ತುಂಬಿದ. ಅದೇ ಪ್ರಾಲಿನ್. "ಕಷಾಯಕ್ಕೆ ಬೆಲ್ಲ ಹಾಕ್ದಂಗೆ" ಅಂತ ನನ್ನ ಹೆಂಡತಿ ಬೆಲ್ಜಿಯಂ ಚಾಕಲೇಟಿನ ಚರಿತ್ರೆಯನ್ನು ಒಂದೇ ಮಾತಲ್ಲಿ ಮುಗಿಸಿದಳು.

ಆಮೇಲೆ ಮ್ಯಾನೆಕೆನ್ ಪಿಸ್. ನಿಂತು ಉಚ್ಚೆ ಹೊಯ್ಯುವ ಕಂಚಿನ ಮಾಣಿ. ಹೆಚ್ಚುಕಡಿಮೆ ಎರಡು ಅಡಿ ಎತ್ತರ. ಅವನಿಗೆ 1,000ಕ್ಕೂ ಹೆಚ್ಚು ಜೊತೆ ಬಟ್ಟೆ ಇದೆಯಂತೆ. ನಾವು ಹೋದ ದಿನ ಮಾತ್ರ ಬರಿಮೈ. ಜನ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರು. "ಇದನ್ನ ನೋಡಲೆ ಇಷ್ಟು ದೂರ ಬಪ್ಪದಾ? ನಮ್ಮ ಅಂಗಳದಲ್ಲಿ ದಿನಾ ಬೆಳಿಗ್ಗೆ ಫ್ರೀ" ಅಂದಳು ಇವಳು. ಮೊಮ್ಮಗನ ವಿಷಯ ಅದು.

ಆ ಗೈಡ್ ಬಹಳ ಶಿಸ್ತಿನವಳು. ಮಡಚಿದ ಛತ್ರಿಯೊಂದನ್ನು ಎತ್ತಿ ಹಿಡಿದು ನಡೆಯುವಳು, ನಾವು ಅದರ ಹಿಂದೆ. ಚಾಕಲೇಟನ್ನು ಮೊದಲು ಕಿವಿ ಹತ್ತಿರ ಹಿಡಿದು ಮುರಿಯಬೇಕು, ಟಕ್ ಅನ್ನಬೇಕು. ಆಮೇಲೆ ಮೂಸಬೇಕು. ಆಮೇಲೆ ನಾಲಗೆ ಮೇಲಿಟ್ಟು ಸುಮ್ನೆ ಕಾಯಬೇಕು, ಅಗಿಯಬಾರದು. ನಲವತ್ತು ವರ್ಷದಿಂದ ಕವಳ, ಅಂದರೆ ಎಲೆ ಅಡಿಕೆ, ಹಾಕುವವನಿಗೆ ಬಾಯಲ್ಲಿ ಏನಾದರೂ ಇಟ್ಟುಕೊಂಡು ಅಗಿಯದೇ ಇರುವುದು ಎಂಥ ಶಿಕ್ಷೆ, ಅವಳಿಗೇನು ಗೊತ್ತು.

ಎಲ್ಲ ಕೆಟ್ಟಿದ್ದು ಕೊನೆಯ ಅಂಗಡಿಯಲ್ಲಿ. ಯಾರು ಎಲ್ಲಿಂದ ಬಂದವರು ಅಂತ ಕೇಳುತ್ತಾ ಬಂದಳು. ನನ್ನ ಸರದಿ ಬಂದಾಗ ನಾನು ಸುಮ್ಮನಿರಬಹುದಿತ್ತು. "ನಮ್ಮ ತೋಟದಲ್ಲಿ ಕೋಕೋ ಮರ ಇದೆ" ಅಂದುಬಿಟ್ಟೆ. ಹನ್ನೆರಡೂ ಜನ ನನ್ನ ಕಡೆ ತಿರುಗಿದರು. ಗೈಡ್ ಛತ್ರಿ ಇಳಿಸಿದಳು. ಕೋಕೋ ಬೆಳೆಯುವುದು ಭೂಮಧ್ಯರೇಖೆಯಿಂದ ಆಚೀಚೆ 20 ಡಿಗ್ರಿಯ ಒಳಗೆ. ಬ್ರಸೆಲ್ಸ್ ಇರುವುದು 50ರಲ್ಲಿ. ಜನ್ಮವಿಡೀ ಚಾಕಲೇಟ್ ತಿಂದವರು ಮರ ನೋಡಿರಲಿಲ್ಲ. ಅಡಿಕೆ ಮರದ ನೆರಳಲ್ಲಿ ಬೆಳೆಯುತ್ತದೆ, ಹಲಸಿನ ಹಾಗೆ ಕಾಂಡಕ್ಕೇ ಕಾಯಿ ಕಚ್ಚುತ್ತದೆ ಅಂತ ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ಜಪಾನಿನ ಒಬ್ಬ ಅಜ್ಜ ನನ್ನ ಜೊತೆ ನಿಂತು ಫೋಟೋ ತೆಗೆಸಿಕೊಂಡ. ಮ್ಯಾನೆಕೆನ್ ಪಿಸ್ ಆದ ಮೇಲೆ ಆ ದಿನ ಅವನು ಫೋಟೋ ತೆಗೆಸಿಕೊಂಡದ್ದು ನನ್ನ ಜೊತೆಗೇ.

ನಿಜ ಹೇಳಬೇಕೆಂದರೆ ಆ ಮರಗಳ ಬಗ್ಗೆ ಹೆಮ್ಮೆಪಡುವಂಥದ್ದು ಏನೂ ಇಲ್ಲ. ಎಪ್ಪತ್ತರ ದಶಕದಲ್ಲಿ ಎಲ್ಲರೂ ಹಾಕಿದರು ಅಂತ ಅಪ್ಪಯ್ಯನೂ ಹಾಕಿದ. 1980ರ ಸುಮಾರಿಗೆ ಬೆಲೆ ನೆಲ ಕಚ್ಚಿತು, ಸಿಟ್ಟಿನಲ್ಲಿ ಮುಕ್ಕಾಲು ಪಾಲು ಕಡಿಸಿದ. ಆಮೇಲೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದವರು ಖರೀದಿಗೆ ನಿಂತರು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಮಾಡಿದರು. ಅಪ್ಪಯ್ಯ ಮಾತ್ರ ಮತ್ತೆ ಒಂದು ಗಿಡ ನೆಡಲಿಲ್ಲ. ಉಳಿದ ಹದಿನೆಂಟು ಮರದ ಕಾಯಿಯಲ್ಲಿ ಮೊದಲ ಪಾಲು ಮಂಗನದ್ದು, ಎರಡನೆಯದು ಅಳಿಲಿನದ್ದು. ಅವು ಮರೆತದ್ದು ನಮ್ಮದು.

ಈ ಜನವರಿಯಲ್ಲಿ ಬೆಂಗಳೂರಿನಿಂದ ತಂಗಿ ಮಗಳ ಫೋನು. "ಮಾವ, ಮುಂದಿನ ತಿಂಗಳು ನನ್ನ ನಾಲ್ಕು ಜನ ಫ್ರೆಂಡ್ಸ್ ಜೊತೆ ಸಿರ್ಸಿಗೆ ಬರ್ತಿದೀನಿ. ಏನಾದ್ರೂ ಡಿಫರೆಂಟ್ ಆಗಿ ತೋರಿಸು." ಸಹಸ್ರಲಿಂಗ, ಬನವಾಸಿ, ಯಾಣ ಎಲ್ಲ ಅವರು ನೋಡಿಯಾಗಿತ್ತಂತೆ. ಜಪಾನಿನ ಅಜ್ಜ ಕಣ್ಣ ಮುಂದೆ ಬಂದ. "ಚಾಕಲೇಟ್ ವಾಕ್ ಮಾಡಸ್ತೆ" ಅಂದೆ.

ಅಂಗಡಿಯಿಂದ ನಾಲ್ಕು ಬಾರ್ ತಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಮ್ಮದೇ ಕೋಕೋದಲ್ಲಿ ನಾನೇ ಮಾಡಬೇಕು ಅಂತ ಹಟ. ಕಾಯಿ ಒಡೆದು, ಬಿಳಿ ಲೋಳೆಯ ಸಮೇತ ಬೀಜ ತೆಗೆದು, ಬುಟ್ಟಿಗೆ ತುಂಬಿ ಬಾಳೆಲೆ ಮುಚ್ಚಿ ಆರು ದಿನ ಹುಳಿ ಬರಿಸಿದೆ. ಈ ಹುಳಿ ಬರಿಸದಿದ್ದರೆ ಬೀಜಕ್ಕೆ ಚಾಕಲೇಟಿನ ರುಚಿಯೇ ಬರುವುದಿಲ್ಲ. ಮೂರನೇ ದಿನಕ್ಕೇ ವಾಸನೆ ಬೇಲಿ ದಾಟಿತು. ಪಕ್ಕದ ಮನೆಯವರು ಬಂದು ದನಿ ಇಳಿಸಿ "ಎಂತ ಮಾರಾಯಾ, ಕಳ್ಳಭಟ್ಟಿನ?" ಅಂತ ಕೇಳಿದರು. ಅಲ್ಲ ಅಂದಾಗ ಅವರಿಗೆ ಸ್ವಲ್ಪ ಬೇಸರವೇ ಆದ ಹಾಗಿತ್ತು. ಆಮೇಲೆ ಅಂಗಳದಲ್ಲಿ ಅಡಿಕೆ ಪಕ್ಕ ಒಣಗಿಸಿ, ಬಾಣಲೆಯಲ್ಲಿ ಹುರಿದು, ಸಿಪ್ಪೆ ಸುಲಿದು, ಮೊರದಲ್ಲಿ ಕೇರಿದೆ. ಅಲ್ಲಿಯವರೆಗೂ ನಾನು ಬೆಲ್ಜಿಯಂನವನೇ.

ಉಳಿದದ್ದು ರುಬ್ಬುವುದು. ಕಲ್ಲಿನ ಗ್ರೈಂಡರಿನಲ್ಲಿ ಒಂದು ದಿನ ಪೂರ್ತಿ ಓಡಬೇಕು, ಇಲ್ಲದಿದ್ದರೆ ನಾಲಗೆಗೆ ಮರಳು ಮರಳು. ಮನೆಯಲ್ಲಿ ಇದ್ದದ್ದು ದೋಸೆ ಗ್ರೈಂಡರ್. ಹೆಂಡತಿ ಅವಳ ತವರಿಗೆ ಹೋದ ದಿನ ನೋಡಿ ಶುರು ಮಾಡಿದೆ. ಏಳು ಪಾಲು ಕೋಕೋ, ಮೂರು ಪಾಲು ಸಕ್ಕರೆ, ಅಂದರೆ ಎಪ್ಪತ್ತು ಪರ್ಸೆಂಟು. ರಾತ್ರಿ ಹನ್ನೊಂದರ ತನಕ ಚೆಂದ ಓಡಿತು. ಒಳಗೆ ಕಪ್ಪು ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಆಗ ಕರೆಂಟು ಹೋಯಿತು.

ಬೆಳಿಗ್ಗೆ ಎದ್ದು ನೋಡಿದರೆ ಕಲ್ಲು, ಪಾತ್ರೆ, ಚಾಕಲೇಟು ಮೂರೂ ಸೇರಿ ಒಂದೇ ವಸ್ತುವಾಗಿತ್ತು. ಚಾಕಲೇಟ್ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ನಮ್ಮ ಬಾಯಿಯ ಬಿಸಿಗಿಂತ ತುಸು ಕಡಿಮೆ. ಸಿರ್ಸಿಯ ಚಳಿಗಾಲದ ರಾತ್ರಿ ಅದಕ್ಕಿಂತ ಬಹಳ ಕಡಿಮೆ. ಕರೆಂಟು ಬಂದದ್ದೇ ಸ್ವಿಚ್ ಹಾಕಿದೆ. ಗ್ರೈಂಡರ್ ತಿರುಗಲಿಲ್ಲ, ನರಳಿತು. ಬಿಸಿ ನೀರು ಹಾಕಿದರೆ ಬಿಡಬಹುದು ಅಂತ ಒಂದು ಲೋಟ ಸುರಿದೆ. ಚಾಕಲೇಟಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಗೊತ್ತಾದದ್ದು ಆಮೇಲೆ. ನೀರು ಬಿದ್ದ ಕಡೆ ಅದು ಗದ್ದೆ ಕೆಸರಿನ ಹಾಗೆ ಗಂಟುಗಂಟಾಯಿತು. ಕೊನೆಗೆ ತಂಗಿ ಮಗಳು ಯಾವತ್ತೋ ಬಿಟ್ಟುಹೋದ ಹೇರ್ ಡ್ರೈಯರ್ ಹುಡುಕಿ, ಮೂರು ತಾಸು ಗ್ರೈಂಡರಿಗೆ ಬಿಸಿಗಾಳಿ ಬಿಟ್ಟೆ. ತಲೆಸ್ನಾನ ಮಾಡಿಸಿ ಕೂರಿಸಿದ ಹಾಗಿತ್ತು. ಮುಕ್ಕಾಲು ಕೆಜಿ ದಕ್ಕಿತು. ಸ್ಟೀಲ್ ತಟ್ಟೆಗೆ ಹೊಯ್ದು, ಬರ್ಫಿಯ ಹಾಗೆ ಡೈಮಂಡು ಡೈಮಂಡಾಗಿ ಕೊಯ್ದಿಟ್ಟೆ.

ಎರಡು ದಿನಕ್ಕೆ ಅದರ ಮೇಲೆ ಬೆಳ್ಳಗೆ ಪುಡಿ. "ಬೂಷ್ಟು ಹಿಡದ್ದು" ಅಂದಳು ತವರಿಂದ ಬಂದ ಹೆಂಡತಿ. ಬೂಷ್ಟಲ್ಲ, ಬ್ಲೂಮ್. ಸರಿಯಾದ ಹದದಲ್ಲಿ ಕಾಯಿಸಿ ತಣಿಸದಿದ್ದರೆ ಕೋಕೋದ ಬೆಣ್ಣೆಯೇ ಮೇಲೆ ಬಂದು ಬೆಳ್ಳಗೆ ಕೂರುತ್ತದೆ. ತಿನ್ನಲು ಏನೂ ತೊಂದರೆ ಇಲ್ಲ. ಇದನ್ನು ಅವಳಿಗೆ ಎರಡು ಸಲ ಹೇಳಿದೆ. ಅವಳು ಎರಡು ಸಲವೂ ಗ್ರೈಂಡರನ್ನು ನೋಡುತ್ತಿದ್ದಳು.

ಫೆಬ್ರವರಿಯ ಒಂದು ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಮಾರಿಗುಡಿ ಎದುರು ನಮ್ಮ ವಾಕ್ ಶುರು. ಐದು ಜನ ಯಾತ್ರಿಕರು, ನಾನು, ಅಪ್ಪಯ್ಯನ ಕಾಲದ ಮರದ ಹಿಡಿಯ ಛತ್ರಿ, ಸ್ಟೀಲ್ ಡಬ್ಬಿ. 1688ರಲ್ಲಿ ಕಟ್ಟಿದ ಗುಡಿ, ಒಳಗೆ ಎಂಟು ಕೈಯ ಏಳಡಿ ಎತ್ತರದ ಮರದ ವಿಗ್ರಹ, ಗೋಡೆಯ ಮೇಲೆ ಕೆಮ್ಮಣ್ಣಿನ ಕಾವಿ ಚಿತ್ರ ಅಂತೆಲ್ಲ ಹೇಳಿ, "ಈಗ ಮೊದಲನೇ ಟೇಸ್ಟಿಂಗ್" ಅಂತ ಡಬ್ಬಿಯ ಮುಚ್ಚಳ ತೆಗೆದೆ.

ಒಂದು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಮಾರಿಗುಡಿ ಎದುರು ಒಬ್ಬ ಮನುಷ್ಯ ಸ್ಟೀಲ್ ಡಬ್ಬಿ ಹಿಡಿದು, ಡೈಮಂಡ್ ಆಕಾರದ ಏನನ್ನೋ ನಾಲ್ಕು ಜನರ ಕೈಗೆ ಹಾಕುತ್ತಿದ್ದರೆ ನೋಡಿದವರು ಏನಂದುಕೊಳ್ಳುತ್ತಾರೆ?

ಮೊದಲು ಬಂದದ್ದು ಒಬ್ಬಳು ಅಜ್ಜಿ. ಎಡಗೈ ಮೇಲೆ ಬಲಗೈ ಇಟ್ಟು ಚಾಚಿದಳು. ಇಲ್ಲ ಅನ್ನುವುದು ಹೇಗೆ? ಒಂದು ಹಾಕಿದೆ. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಅವಳ ಹಿಂದೆ ಇಬ್ಬರು. ಅವರ ಹಿಂದೆ ಹಾವೇರಿ ಕಡೆಯಿಂದ ಟೆಂಪೋದಲ್ಲಿ ಬಂದಿದ್ದ ಒಂದು ಇಡೀ ಕುಟುಂಬ. ಸಾಲು ತನ್ನಷ್ಟಕ್ಕೇ ಆಯಿತು; ನಮ್ಮ ಜನರಿಗೆ ಬಸ್ಸಿಗೆ ಸಾಲು ನಿಲ್ಲಲು ಬರುವುದಿಲ್ಲ, ಪ್ರಸಾದಕ್ಕೆ ಬರುತ್ತದೆ. ಪಂಚಕಜ್ಜಾಯವೋ ಪೇಡೆಯೋ ಅಂದುಕೊಂಡು ಬಾಯಿಗೆ ಹಾಕಿದವರ ಮುಖ ಒಂದೊಂದಾಗಿ ಹಿಂಡತೊಡಗಿತು. ಎಪ್ಪತ್ತು ಪರ್ಸೆಂಟು ಅಂದರೆ ತಮಾಷೆಯಲ್ಲ. ಆದರೆ ಒಬ್ಬರೂ ಉಗುಳಲಿಲ್ಲ. ಪ್ರಸಾದ ಉಗುಳುತ್ತಾರಾ? ಕಣ್ಣು ಮುಚ್ಚಿ, ಕೈ ಮುಗಿದು ನುಂಗಿದರು. ನಾಲಗೆ ಮೇಲಿಟ್ಟು ಸುಮ್ನೆ ಕಾಯಿರಿ ಅಂತ ಆ ಗೈಡ್ ಹೇಳಿದ್ದನ್ನು ಅಷ್ಟು ಶ್ರದ್ಧೆಯಿಂದ ಬ್ರಸೆಲ್ಸ್‌ನಲ್ಲೂ ಯಾರೂ ಮಾಡಿರಲಿಲ್ಲ. ಒಬ್ಬರು ಹಿರಿಯರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಎಂತ ಹರಕೆ ತಮಾ? ಭಾರೀ ಕಷ್ಟದ್ದೇ ಇರವು."

ಡಬ್ಬಿ ಅರ್ಧವಾಗಿತ್ತು. ತಂಗಿ ಮಗಳು ಕಂಬದ ಹಿಂದೆ ನಿಂತು ನಗುತ್ತಿದ್ದಳು. ಛತ್ರಿ ಎತ್ತಿ ಹಿಡಿದು ಅಲ್ಲಿಂದ ಹೊರಟೆ.

ಬ್ರಸೆಲ್ಸ್‌ನಲ್ಲಿ ಎರಡೂವರೆ ತಾಸು ನಡೆದೆವು. ಒಬ್ಬನೇ ಒಬ್ಬ ನಮ್ಮನ್ನು ಎಲ್ಲಿಗೆ ಹೊರಟಿದ್ದು ಅಂತ ಕೇಳಲಿಲ್ಲ. ವಾಕಿಂಗ್ ಟೂರ್ ಅನ್ನುವುದು ನಿಂತಿರುವುದೇ ಅದರ ಮೇಲೆ, ಗೈಡಿಗೆ ಊರಲ್ಲಿ ನೆಂಟರು ಇರಬಾರದು. ಬಿಡ್ಕಿಬೈಲಿಗೆ ಬರುವಷ್ಟರಲ್ಲಿ ಏಳು ಜನ ಸಿಕ್ಕರು. ಜಾತ್ರೆಯಲ್ಲಿ ದೇವಿ ಬಂದು ಕೂರುವ ಗದ್ದುಗೆ ಇದು, ಎರಡು ವರ್ಷಕ್ಕೊಮ್ಮೆ ಜಾತ್ರೆ ಅನ್ನುವ ಒಂದು ವಾಕ್ಯವನ್ನು ಮುಗಿಸಲು ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ನಡುವೆ ಒಂದು ಗೃಹಪ್ರವೇಶದ ಕರೆ, ಒಂದು ಜಾತಕದ ವಿಚಾರ, ಸೊಸೈಟಿ ಸಾಲದ ಬಗ್ಗೆ ಒಂದು ಸಲಹೆ. ಬಿಸಿಲಲ್ಲಿ ಮಡಚಿದ ಛತ್ರಿ ಎತ್ತಿಕೊಂಡು ಹೋಗುವವನನ್ನು ನೋಡಿ ರಸ್ತೆಯ ಆಚೆ ಬದಿಯಿಂದ ಒಬ್ಬ ಕೂಗಿದ: "ಹೋಯ್, ಮಂಗ ಓಡ್ಸಲೆ ಹೊಂಟಿದ್ಯ?"

ಸಿ.ಪಿ. ಬಜಾರ್ ದಾಟಿ ಗುರುತಿನವರ ಅಡಿಕೆ ವಖಾರಿಗೆ ಹೋದೆವು. ಸಿರ್ಸಿ ಅಡಿಕೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು ಹೇಳಿ, ರಾಶಿ, ಚಾಲಿ, ಬೆಟ್ಟೆ ಅಂತ ಅಡಿಕೆಯ ಬಗೆಗಳನ್ನು ತೋರಿಸಿ, "ಇದು ನಮ್ಮ ಕೋಕೋ, ಭಾವ, ನೋಡು" ಅಂತ ಒಂದು ತುಂಡು ವ್ಯಾಪಾರಿಯ ಕೈಗೆ ಕೊಟ್ಟೆ. ಅವರ ಬಾಯಿ ತುಂಬ ಕವಳ. ಕಿವಿಗೆ ಬಿದ್ದದ್ದು ಕೋಕ. ಅಡಿಕೆಯಲ್ಲಿ ಕೋಕ ಅಂದರೆ ತೀರಾ ಕೆಳಗಿನ ಮಾಲು. "ಕೋಕನ? ರೇಟು ಬಿದ್ದೋಯ್ದು. ಎಷ್ಟು ಕ್ವಿಂಟಲ್ ಇದ್ದು?" ಅಂದರು. ಆಮೇಲೆ ಬೆಳಕಿಗೆ ಹಿಡಿದು, ಉಗುರಲ್ಲಿ ಕೆರೆದು, ಬೆಳ್ಳಗಿನ ಪುಡಿ ನೋಡಿ ತೀರ್ಪು ಕೊಟ್ಟರು: "ಇದು ಕೋಕನೂ ಅಲ್ಲ. ಬಿಳೆಗೋಟಿಗೆ ಹಾಕಲಕ್ಕು." ಬಿಳೆಗೋಟು ಅಂದರೆ ಅದೂ ಅಡಿಕೆಯಲ್ಲಿ ಕೆಳಗಿನ ಮಾಲೇ.

ಉಪಚಾರ ಮಾಡದೇ ಕಳಿಸುವ ಜನ ಅಲ್ಲ. ಐವರಿಗೂ ಕವಳ ಮಡಚಿ ಕೊಟ್ಟರು. ಅದರಲ್ಲೊಬ್ಬಳಿಗೆ ಅಡಿಕೆ ಸೊಕ್ಕಿತು. ಬೆವರಿ, ಕಿವಿ ಕೆಂಪಾಗಿ, ಚಾಲಿ ಚೀಲದ ಮೇಲೆ ಕುಸಿದು ಕೂತಳು. ಸಿಹಿ ಏನಾದರೂ ಕೊಡಿ ಅಂದರು. ನಾನು ಡಬ್ಬಿ ಮುಂದೆ ಹಿಡಿದೆ. "ಸಿಹಿ ಹೇಳಿದ್ದು" ಅಂತ ಭಾವ ಡಬ್ಬಿಯನ್ನು ಆಚೆ ಸರಿಸಿ ಬೆಲ್ಲ ನೀರು ತರಿಸಿದರು. ಅವಳು ಕಣ್ಣು ಬಿಡುವಷ್ಟರಲ್ಲಿ ಹನ್ನೆರಡೂವರೆ. ಡಬ್ಬಿಯಲ್ಲಿ ಡೈಮಂಡುಗಳು ಹೋಗಿ ಒಂದು ಕೆರೆ ಆಗಿತ್ತು. ದೇವಿಕೆರೆ ತೋರಿಸುವುದು ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ತಟ್ಟೆಗೆ ಬಿದ್ದದ್ದು ಕಂದು ಬಣ್ಣದ ದೋಸೆ. "ಆಂಟಿ, ರಾಗಿ ದೋಸೆನಾ?" ಅಂತ ಒಬ್ಬ ಹುಡುಗ ಕೇಳಿದ. ಹೆಂಡತಿ ನನ್ನ ಮುಖ ನೋಡಿ "ಹೌದು" ಅಂದಳು. ನಮ್ಮ ಮನೆಯಲ್ಲಿ ಆ ರಾಗಿ ದೋಸೆ ಇನ್ನೂ ಹದಿನೈದು ದಿನ ನಡೆಯಿತು.

ಒಂದು ತಿಂಗಳು ಕಳೆದಿರಬೇಕು. ಮಂಗಳವಾರ ಮಾರಿಗುಡಿಗೆ ಹೋಗಿದ್ದೆ. ಹೂವಿನಂಗಡಿ ಹತ್ತಿರ ಯಾರೋ ಅಂಗಿ ಹಿಡಿದೆಳೆದರು. ಅದೇ ಅಜ್ಜಿ. "ಅವತ್ತು ಕರಿ ಪ್ರಸಾದ ಕೊಟ್ಟವ್ರು ನೀವೇ ಅಲ್ರಾ?" ಓಡಿಹೋಗಲು ಜಾಗ ಇರಲಿಲ್ಲ. ಹೌದು ಅಂದೆ. "ಅದನ್ನ ತಿಂದ್ಮೇಲೆ ನನ್ನ ಈ ಮಂಡಿ ನೋವು ಇಳೀತು ನೋಡ್ರಿ. ಇನ್ನೊಂದು ಚೂರು ಸಿಕ್ಕಿದ್ರೆ ಆ ಮಂಡಿಗೂ ಆಗ್ತಿತ್ತು."

ಚೀಲ ತಡಕಾಡಿದೆ. ಆ ದಿನದ್ದೇ ಚೀಲ. ಮೂಲೆಯಲ್ಲಿ, ಕಾಗದಕ್ಕೆ ಅಂಟಿಕೊಂಡು ಒಂದು ತುಂಡು ಉಳಿದಿತ್ತು. ಪೂರ್ತಿ ಬೆಳ್ಳಗಾಗಿತ್ತು. ಅಜ್ಜಿಯ ಕೈಯಲ್ಲಿಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು, ಬೆಳ್ಳಗಿನ ಪುಡಿಯನ್ನು ಬೆರಳಲ್ಲಿ ಒರೆಸಿ ಹಣೆಗೆ ಹಚ್ಚಿಕೊಂಡಳು.

"ಈ ಸಲ ವಿಭೂತಿನೂ ಹಾಕೀರಿ" ಅಂದಳು.