ಹಿತ್ತಲ ಸ್ಲ್ಯಾಬು: ನಾವೇ ಹಾಕೋದಾ, ಹಾಕ್ಸೋದಾ?

ಹಿತ್ತಲಲ್ಲಿ ನೆಲಕ್ಕೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸ್ಬೇಕು, ಯಾರಾದ್ರೂ ಗೊತ್ತಾ ಅಂತ ಪಕ್ಕದ್ಮನೆ ಹಿರಿಯರನ್ನ ಕೇಳಿದ್ದಷ್ಟೇ, ಅವ್ರು ನನ್ನ ಕೈ ಕಡೆ ನೋಡಿ "ಯಾಕೆ, ನೀನೇ ಹಾಕ್ಬಹುದಲ್ಲ" ಅಂದ್ಬಿಟ್ರು. ವ್ಯಂಗ್ಯ ಅಲ್ಲ, ನಿಜವಾಗ್ಲೂ ಅರ್ಥ ಆಗ್ದೆ ಕೇಳಿದ್ರು, ಅದೇ ಇನ್ನೂ ಚುಚ್ತು.

ನಾನೀಗಿರೋ ಈ ಪರದೇಶದಲ್ಲಿ ಹೀಗೆ, ನಮ್ಮೂರಲ್ಲಿ ಈ ಪ್ರಶ್ನೇನೇ ಹುಟ್ಟಲ್ಲ. ಮೇಸ್ತ್ರಿಗೊಂದು ಫೋನು, ಅವ್ನು ಆಳು ಕರ್ಕೊಂಡ್ ಬರ್ತಾನೆ, ನಾವು ಕೈ ಕಟ್ಟಿ ನಿಂತು "ಅಲ್ಲಿ ಸ್ವಲ್ಪ ತಗ್ಗಿದೆ ನೋಡಪ್ಪ" ಅಂತೀವಿ. ಸಿವಿಲ್ ಇಂಜಿನಿಯರಿಂಗ್ ಓದಿದ ನನ್ನ ಕಸಿನ್ನೇ ಇವತ್ತಿನವರೆಗೂ ಕರಣೆ ಹಿಡಿದಿಲ್ಲ, ಹಿಡಿದ್ರೆ ಡಿಗ್ರಿ ವಾಪಸ್ ತಗೋತಾರೇನೋ ಅನ್ನೋ ಹಾಗೆ. ಇನ್ನು ಮೇಸ್ತ್ರಿ ಕಲಸಿದ್ದು ಗಟ್ಟಿ ಅನ್ಸಿದ್ರೆ ಇನ್ನೊಂದು ಬಕೆಟ್ ನೀರು ಸುರೀತಾನೆ, ಸಲೀಸಾಗಿ ಹರಡುತ್ತಲ್ಲ ಅಂತ, ನೀರು ಜಾಸ್ತಿ ಆದಷ್ಟೂ ಕಾಂಕ್ರೀಟ್ ಬಲ ಕಮ್ಮಿ ಆಗುತ್ತೆ ಅಂದ್ರೆ ನಮ್ಮನ್ನೇ ನೋಡಿ ನಗ್ತಾನೆ. ಇಲ್ಲಿ ಸಿಮೆಂಟು, ಮರಳು, ಜಲ್ಲಿ ಬೆರೆಸೇ ಬರೋ ರೆಡಿ ಮಿಕ್ಸ್ ಚೀಲ, ಅದರ ಮೇಲೆ ಬರೆದಷ್ಟೇ ನೀರು, ಅಳೆದು. ನಂಗೆ ಇದೇ ಇಷ್ಟ.

ಹಂಗಂತ ಲೆಕ್ಕ ಹಾಕೋಕೆ ಕೂತೆ ನೋಡಿ. 10 ಅಡಿ ಉದ್ದ, 10 ಅಡಿ ಅಗಲ, 4 ಇಂಚು ದಪ್ಪ. ಹೆಚ್ಚು ಕಮ್ಮಿ 33 ಘನ ಅಡಿ, ತೂಕ 2 ಟನ್ನಿಗೂ ಮೇಲೆ! 25 ಕೆಜಿ ರೆಡಿ ಮಿಕ್ಸ್ ಚೀಲ 80ರ ಆಸುಪಾಸು ಬೇಕು. ಒಬ್ನೇ ಕಲಸ್ತಾ ಹೋದ್ರೆ ಈ ಮೂಲೆ ಮುಗಿಯೋಷ್ಟರಲ್ಲಿ ಆ ಮೂಲೆ ಸೆಟ್ ಆಗಿರುತ್ತೆ, ಹಳೇದೂ ಹೊಸದೂ ಸರಿಯಾಗಿ ಬೆಸೆಯದೆ ಮಧ್ಯದಲ್ಲಿ ಜಾಯಿಂಟ್ ಬೀಳುತ್ತೆ, ಬಿಸಿಲಿದ್ರಂತೂ ಕೇಳ್ಲೇಬೇಡಿ. ನೀನೇ ಹಾಕು ಅನ್ನೋರು ಈ ಭಾಗ ಹೇಳಲ್ಲ.

ಅದೇ ದಪ್ಪದಲ್ಲಿ 4 ಅಡಿ ಉದ್ದ, 4 ಅಡಿ ಅಗಲ ಆದ್ರೆ 360 ಕೆಜಿ ಅಷ್ಟೇ, ಬೆಳಿಗ್ಗೆ ಶುರು ಮಾಡಿದ್ರೆ ಮಧ್ಯಾಹ್ನದೊಳಗೆ ಆಗುತ್ತೆ. ತಳದ ಮಣ್ಣು ಚೆನ್ನಾಗಿ ದಿಮ್ಮಿಸಿ ಜಲ್ಲಿ ಹಾಸಿ, ಗೋಡೆಯಿಂದ ಆಚೆಗೆ ಒಂದಡಿಗೆ ಕಾಲಿಂಚು ಇಳಿಜಾರು ಕೊಟ್ರೆ ಸಾಕು.

ಮೇಸ್ತ್ರೀನ ಇಷ್ಟೆಲ್ಲ ಬೈದ್ಮೇಲೂ ಒಂದು ಒಪ್ಕೋಬೇಕು. ಹಾಕಿದ್ಮೇಲೆ ಕಾಂಕ್ರೀಟ್ ಮೇಲೆ ನೀರು ಜಿನುಗಿ ಹೊಳೀತಿರುತ್ತಲ್ಲ, ಆವಾಗ ಕರಣೆ ಆಡಿಸಿದ್ರೆ ಆಮೇಲೆ ಮೇಲ್ಪದರ ಪುಡಿ ಪುಡಿ ಏಳುತ್ತೆ. ಆ ಹೊಳಪು ಆರೋವರೆಗೂ ಕಾಯಬೇಕು, ತೀರಾ ಆರಿದ್ರೆ ಕರಣೆ ಓಡೋದೇ ಇಲ್ಲ. ಆ ಗಳಿಗೆ ಯಾವ್ದು ಅಂತ ಒಳ್ಳೆ ಮೇಸ್ತ್ರಿ ಬೆರಳಿಟ್ಟು ಹೇಳ್ತಾನೆ, ನಾನು ಎಷ್ಟು ವಿಡಿಯೋ ನೋಡಿದ್ರೂ ಅದು ಬರಲ್ಲ. ಸೆಟ್ ಆದ ಕಾಂಕ್ರೀಟ್ ಒಣಗದೆ ಬಲ ಬರಲಿ ಅಂತ ಮಾರನೇ ದಿನ ಸುತ್ತ ಪಾತಿ ಕಟ್ಟಿ ವಾರವೆಲ್ಲ ನೀರು ನಿಲ್ಸೋದ್ರಲ್ಲೂ, ಹ್ಞೂಂ, ಊರೇ ವಾಸಿ. ಇಲ್ಲಿ ನಮ್ಮ ಬೀದೀಲಿ ಹಾಕಿದ್ದೊಂದು ನೋಡ್ದೆ, ಒಂದ್ಸಲ ಪೈಪಲ್ಲಿ ನೀರು ಹೊಡೆದು ಮರೆತೇಬಿಟ್ರು.

ಸದ್ಯಕ್ಕೆ ಶೆಡ್ ಬಾಗಿಲ ಮುಂದಿನ ನಾಕಡಿ ನಾನೇ ಹಾಕ್ತೀನಿ, ದೊಡ್ಡದಕ್ಕೆ ಜನರನ್ನ ಕರೀತೀನಿ, ಪಕ್ಕದ್ಮನೆಯವ್ರು ಏನಾದ್ರೂ ಅಂದ್ಕೊಳ್ಲಿ.