ಭಾವನ ಡಿಕ್ಕಿ

ಕಾರಿನ ಸ್ಟೆಪ್ನಿಯನ್ನು ಡಿಕ್ಕಿಯ ತಳದಲ್ಲಿ ಹುದುಗಿಸಿ ಇಡುವ ಐಡಿಯಾ ಯಾರಿಗೆ ಹೊಳೆಯಿತೋ, ಆ ಪುಣ್ಯಾತ್ಮ ಜೀವನದಲ್ಲಿ ಎಂದೂ ಸಾಮಾನು ಕಟ್ಟಿಕೊಂಡು ಪ್ರವಾಸ ಹೋದವನಲ್ಲ. ಹೋಗಿದ್ದರೂ ನಮ್ಮ ಭಾವನ ಜೊತೆಯಂತೂ ಹೋಗಿಲ್ಲ. ನನ್ನ ಬೆನ್ನು ಇನ್ನೂ ನೋಯುತ್ತಿದೆ, ಅದಕ್ಕೇ ಇಷ್ಟು ಸಿಟ್ಟು.

ಬೇಸಿಗೆ ರಜೆಯಲ್ಲಿ ಕಾರಲ್ಲಿ ದೂರ ಹೊರಟರೆ ಉಳಿದವರಿಗೆಲ್ಲ ಎಲ್ಲಿಗೆ ಹೋಗುತ್ತೇವೆ ಅನ್ನುವುದು ಮುಖ್ಯ. ಭಾವನಿಗೆ ಡಿಕ್ಕಿ ಮುಖ್ಯ. ಕೂಲೆಂಟ್, ಬ್ರೇಕ್, ವೈಪರ್, ಎಸಿ ಎಲ್ಲವನ್ನೂ ಮೆಕ್ಯಾನಿಕ್‌ಗೆ ಒಪ್ಪಿಸಿ ಆರಾಮಾಗಿ ಇರುತ್ತಾರೆ. ಡಿಕ್ಕಿಗೆ ಮಾತ್ರ ಬೇರೆಯವರ ಕೈ ಸೋಕುವಂತಿಲ್ಲ. ಅಂದರೆ, ಹೊತ್ತು ತರುವುದಕ್ಕೆ ನಮ್ಮ ಕೈ ಆಗುತ್ತದೆ, ಒಳಗೆ ಇಡುವುದಕ್ಕೆ ಆಗುವುದಿಲ್ಲ.

ಹಿಂದಿನ ರಾತ್ರಿಯೇ ಡಿಕ್ಕಿ ತೆರೆದು, ಸೊಂಟದ ಮೇಲೆ ಕೈಯಿಟ್ಟು, ಖಾಲಿ ಜಾಗವನ್ನೇ ನೋಡುತ್ತಾ ನಿಲ್ಲುತ್ತಾರೆ. ನಾವು ಬ್ಯಾಗು ಹಿಡಿದು ಸಾಲಾಗಿ ಕಾಯಬೇಕು. ಆಮೇಲೆ ಅಪ್ಪಣೆ ಶುರು. "ದೊಡ್ಡದು ಮೊದಲು. ಅದಲ್ಲ, ಅದರ ಪಕ್ಕದ್ದು. ಚಕ್ರ ಒಳಗಡೆ ಬರಲಿ." ಭಾರದ್ದೆಲ್ಲ ಕೆಳಗೆ, ಹಿಂದಿನ ಸೀಟಿಗೆ ಒತ್ತಿಕೊಂಡು. ಹಗುರದ್ದು ಮೇಲೆ, ಆದರೆ ಸೀಟಿನ ಎತ್ತರ ದಾಟುವಂತಿಲ್ಲ, ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣಬೇಕು, ಜೋರಾಗಿ ಬ್ರೇಕ್ ಹಾಕಿದಾಗ ಮೇಲಿನದು ಹಾರಿ ಬಂದು ನಮ್ಮ ತಲೆಗೆ ಬಡಿಯಬಾರದು. ಹೇಳುವುದೆಲ್ಲ ಸರಿಯೇ. ಸಿಟ್ಟು ಬರುವುದೇ ಅದಕ್ಕೆ. ತಪ್ಪು ಹೇಳಿದ್ದರೆ ಒಂದು ಮಾತು ಎದುರಾಡಬಹುದಿತ್ತು, ಅಲ್ವಾ?

ಚಪ್ಪಲಿ ಜೋಡಿಯನ್ನು ಬಿಡಿಸಿ ಒಂದನ್ನು ಎಡ ಮೂಲೆಗೂ ಇನ್ನೊಂದನ್ನು ಬಲ ಮೂಲೆಗೂ ತುರುಕುತ್ತಾರೆ. ಟವೆಲುಗಳನ್ನು ಸುರುಳಿ ಸುತ್ತಿ ಸಂದಿಗೆ ಸಿಕ್ಕಿಸುತ್ತಾರೆ. ಈ ಸಲ ಅಕ್ಕ, "ನನ್ನ ಛತ್ರಿ ಎಲ್ಲಿ? ಬಿಸಿಲಿಗೆ ಕೈಯಲ್ಲೇ ಇರಲಿ ಅಂತ ಇಟ್ಟಿದ್ದೆ" ಅಂದಳು. ಭಾವ ತಿರುಗಿಯೂ ನೋಡದೆ, "ಅದು ಒಳಗೆ ಸಪೋರ್ಟಿಗಿದೆ, ಈಗ ತೆಗೆಯೋಕಾಗಲ್ಲ" ಅಂದರು. ಕೊನೆಗೆ ಅಂಗೈ ಇಟ್ಟು ಡಿಕ್ಕಿಯನ್ನು ಮೆಲ್ಲಗೆ ಒತ್ತಿದರು. ಠಕ್ ಅಂತ ಮುಚ್ಚಿಕೊಂಡಿತು. ಆಗ ಅವರ ಮುಖದ ಮೇಲೆ ಬಂದ ನಗು ಮದುವೆ ಫೋಟೋದಲ್ಲೂ ಇಲ್ಲ ಅನ್ನುವುದು ಅಕ್ಕನ ಹಳೇ ದೂರು.

ಬಿಸಿಲೇರುವ ಮುಂಚೆಯೇ ಹೊರಟೆವು. ಮನೆ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸುವುದು ಮಾತ್ರ ಬಾಕಿ. ಟೈರು ತಣ್ಣಗಿರುವಾಗಲೇ ನೋಡಬೇಕು, ಓಡಿ ಬಿಸಿಯಾದ ಮೇಲೆ ಅಳೆದರೆ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ಕೆಟ್ಟೆವು. ಇದೂ ಭಾವನ ಪಾಠವೇ. ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್ ತೋರಿಸಿ, ಕಾರು ತುಂಬಿದ್ದಾಗಿನ ಅಂಕಿ ಬೇರೆ ಇದೆ ನೋಡು ಅಂತ ಗಾಳಿ ಹಾಕುವ ಹುಡುಗನಿಗೂ ಪಾಠವಾಯಿತು. ಅವನು ನಾಲ್ಕೂ ಟೈರು ಮುಗಿಸಿ, ಪೈಪು ಹಿಡಿದುಕೊಂಡೇ ಬಹಳ ವಿನಯದಿಂದ ಕೇಳಿದ. "ಸ್ಟೆಪ್ನಿ ನೋಡಲಾ ಸಾರ್?"

ಕಾರಿನೊಳಗೆ ಯಾರೂ ಉಸಿರೆತ್ತಲಿಲ್ಲ. ಬೇಡ ಅಂದುಬಿಡಿ ಭಾವ, ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವರೂ ಅದನ್ನೇ ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅಕ್ಕ ಕಿಟಕಿ ಇಳಿಸಿ, "ನೋಡಪ್ಪಾ, ದೂರದ ದಾರಿ" ಅಂದಳು. ಛತ್ರಿಯ ಸೇಡು ಅದು, ನನಗೆ ಅನುಮಾನವೇ ಇಲ್ಲ.

ಎಲ್ಲ ಇಳಿಯಿತು. ಸೂಟ್‌ಕೇಸು, ಚೀಲ, ಮಕ್ಕಳ ಚೆಂಡು, ಎಡಗಾಲಿನ ಚಪ್ಪಲಿಗಳು, ಬಲಗಾಲಿನ ಚಪ್ಪಲಿಗಳು. ಪೆಟ್ರೋಲ್ ಹಾಕಿಸಲು ಬಂದ ಒಬ್ಬರು "ಮನೆ ಬದಲಾಯಿಸ್ತಿದ್ದೀರಾ?" ಅಂತ ಕನಿಕರದಿಂದ ವಿಚಾರಿಸಿದರು. ಕಾರ್ಪೆಟ್ ಎತ್ತಿ, ಅದರ ಕೆಳಗಿನ ಹಲಗೆ ಎತ್ತಿ, ಜಾಕಿ, ಸ್ಪ್ಯಾನರ್ ತೆಗೆದ ಮೇಲೆ ಸ್ಟೆಪ್ನಿಯ ದರ್ಶನವಾಯಿತು. ಗಾಳಿ ಹೆಸರಿಗಷ್ಟೇ ಇತ್ತು. ಹುಡುಗ ಉಳಿದ ಟೈರುಗಳಷ್ಟೇ ಹಾಕಲು ಹೊರಟ. "ತಡಿಯಪ್ಪಾ, ಇದು ಸಣ್ಣ ಟೈರು, 60 ಹಾಕಬೇಕು" ಅಂದರು ಭಾವ. ಅವನು ನಂಬಲಿಲ್ಲ. ಭಾವ ಮಂಡಿಯೂರಿ, ಕರ್ಚೀಫಿನಿಂದ ಧೂಳು ಒರೆಸಿ, 60 ಪಿಎಸ್‌ಐ ಅಂತ ಬರೆದದ್ದನ್ನೂ, ಗಂಟೆಗೆ 80 ಕಿಲೋಮೀಟರ್ ದಾಟಬೇಡಿ ಅನ್ನುವ ಎಚ್ಚರಿಕೆಯನ್ನೂ ಜೋರಾಗಿ ಓದಿ ಹೇಳಿದರು. ಮತ್ತೆ ಅವರದೇ ಸರಿ.

ಆದರೆ ರಾತ್ರಿ ಹಿಡಿಸಿದ ಸಾಮಾನು ಬೆಳಿಗ್ಗೆ ಹಿಡಿಸಲಿಲ್ಲ. ಹೊಸದೇನೂ ಸೇರಿರಲಿಲ್ಲ, ಒಂದು ಛತ್ರಿ ಕಮ್ಮಿಯೇ ಆಗಿತ್ತು, ಅದು ಆಗಲೇ ಅಕ್ಕನ ಕೈ ಸೇರಿತ್ತು. "ಅದಿಲ್ಲದೆ ನಿಲ್ಲಲ್ಲ ಕಣೇ" ಅಂತ ಭಾವ ಅಂಗಲಾಚಿದರು. ಅಕ್ಕ ಕೊಡಲಿಲ್ಲ. ಬಿಸಿಲು ಏರುತ್ತಿತ್ತು. ಕೊನೆಗೆ ಮಿಕ್ಕ ಒಂದು ಬ್ಯಾಗನ್ನು ತಂದು ನನ್ನ ತೊಡೆಯ ಮೇಲೆ ಇಟ್ಟರು.

ಅಮ್ಮ ಇದ್ದಾಗ ಈ ಕಿಟಕಿ ಪಕ್ಕದ ಸೀಟು ಅವಳದ್ದು. ತನ್ನ ಬಟ್ಟೆಯ ಚೀಲವನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದಳು. "ಡಿಕ್ಕಿಗೆ ಕೊಡಿ ಅತ್ತೆ, ಜಾಗ ಮಾಡಿದ್ದೀನಿ" ಅಂತ ಭಾವ ಎಷ್ಟು ಕೇಳಿದರೂ ಕೊಡುತ್ತಿರಲಿಲ್ಲ. ವಾಂತಿ ಮಾತ್ರೆ, ಸೂಜಿ ದಾರ, ಒಣಗಿದ ಟವೆಲು, ದಾರಿಯಲ್ಲಿ ಯಾರಿಗೆ ಏನು ಬೇಕಾದರೂ ಅದರಿಂದಲೇ ಬರುತ್ತಿತ್ತು. ಕಾರು ನಿಲ್ಲಿಸಬೇಕಾಗುತ್ತಲೇ ಇರಲಿಲ್ಲ.

ನನ್ನ ತೊಡೆ ಮೇಲಿದ್ದ ಬ್ಯಾಗಿನಲ್ಲಿ ಭಾವನ ಜಂಪರ್ ಕೇಬಲ್, ಕಾರು ಎಳೆಯುವ ಹಗ್ಗ, ಟಾರ್ಚು, ಇನ್ನೂ ಏನೇನೋ ಕಬ್ಬಿಣ. ದಾರಿಯುದ್ದಕ್ಕೂ ಅದರಿಂದ ಯಾರಿಗೂ ಏನೂ ಬೇಕಾಗಲಿಲ್ಲ.

ನಾಳೆ ವಾಪಸ್ ಹೊರಡಬೇಕು. ಬಟ್ಟೆ ಅರ್ಧ ಒದ್ದೆ, ಅಕ್ಕ ಬೇರೆ ಏನೇನೋ ಕೊಂಡಿದ್ದಾಳೆ. ಭಾವ ಆಗಲೇ ಕೆಳಗೆ ಹೋಗಿ ಡಿಕ್ಕಿ ತೆರೆದು ನಿಂತಿದ್ದಾರೆ. ಕೂಗುತ್ತಿದ್ದಾರೆ, "ದೊಡ್ಡದು ಮೊದಲು ತಾ. ಹಾಗೇ ನಿಮ್ಮಕ್ಕ ಮಲಗಿದ್ದರೆ ಮೆಲ್ಲಗೆ ಆ ಛತ್ರಿನೂ ತಗೊಂಡು ಬಾ."